ದಾಳಿಗೆ ಹೋಗುವಾಗ ಹಿಂದೆ ಉಳಿಯುವವರು ಯಾರು?

ದಸರಾ ಕ್ರೀಡಾಕೂಟ ಹತ್ತಿರವಾದಂತೆ ಮೈಸೂರು, ಮಂಡ್ಯದ ಎಷ್ಟೋ ಕಾಲೇಜು ಫುಟ್‌ಬಾಲ್ ತಂಡಗಳು 4-3-3 ಆಡುತ್ತೇವೆ ಎನ್ನುತ್ತವೆ: ಹಿಂದೆ ನಾಲ್ವರು ಡಿಫೆಂಡರ್, ನಡುವೆ ಮೂವರು ಹಾಫ್, ಮುಂದೆ ಮೂವರು ಫಾರ್ವರ್ಡ್. ಗೋಲು ಹೊಡೆಯಬೇಕೆಂಬ ತಂಡಕ್ಕೆ ಅದು ಒಳ್ಳೆಯ ಆಯ್ಕೆಯೇ. ಆದರೆ ಜೋರಾಗಿ ಓಡುವ ಮೂವರನ್ನು ಮುಂದೆ ನಿಲ್ಲಿಸಿ, ಸ್ಟಾಪರ್ (ನಡುವಿನ ಡಿಫೆಂಡರ್) ಕಾಲಿನಿಂದ ಎತ್ತರದ ಚೆಂಡು ಹೊಡೆಸುವುದು 4-3-3 ಅಲ್ಲ. ಹುಲ್ಲಿಲ್ಲದ ಗಟ್ಟಿ ಮೈದಾನದಲ್ಲಿ ಆ ಚೆಂಡು ಎರಡು ಸಲ ಪುಟಿದು ಎದುರಾಳಿ ಗೋಲಿಯ (ಗೋಲ್‌ಕೀಪರ್) ಕೈ ಸೇರುತ್ತದೆ. ಯಾರಿಗಾದರೂ ತಗುಲಿ ಕೆಳಗೆ ಬಿದ್ದರೂ ಅದನ್ನು ಎತ್ತಿಕೊಳ್ಳಲು ನಮ್ಮ ಹಾಫ್‌ಗಳು ಹತ್ತಿರದಲ್ಲಿ ಇರುವುದಿಲ್ಲ.

ಆದ್ದರಿಂದ ಮೊದಲು ಅಂತರ ನೋಡಿ. ಚೆಂಡು ನಡುಗೆರೆ ದಾಟಿದ ಮೇಲೆ ಸ್ಟಾಪರ್‌ಗಳಿಗೂ ಸೆಂಟರ್ ಫಾರ್ವರ್ಡ್‌ಗೂ ನಡುವೆ 35ರಿಂದ 40 ಮೀಟರ್ ಸಾಕು. ಅದಕ್ಕಿಂತ ಹೆಚ್ಚಾಯಿತೆಂದರೆ ಸಾಮಾನ್ಯವಾಗಿ ತಪ್ಪು ಸ್ಟಾಪರ್‌ಗಳದ್ದು: ಬೆನ್ನ ಹಿಂದಿನ ಜಾಗಕ್ಕೆ ಹೆದರಿ ಅವರು ನಡುಗೆರೆಗೆ ಏರುವುದಿಲ್ಲ. ಆ ಜಾಗ ಕಾಯಬೇಕಾದವನು ಗೋಲಿ. ಅವನು ಪೆನಾಲ್ಟಿ ಬಾಕ್ಸ್ ಬಿಟ್ಟು ಮುಂದೆ ಬಂದು ನಿಲ್ಲಲು ಕಲಿಯಬೇಕು.

ಬಲಬದಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ವಿಂಗರ್ (ಬದಿಯ ಫಾರ್ವರ್ಡ್), ಫುಲ್‌ಬ್ಯಾಕ್ (ಬದಿಯ ಡಿಫೆಂಡರ್), ಬಲ ಹಾಫ್, ಹೀಗೆ ಮೂವರಿದ್ದಾರೆ. ವಿಂಗರ್ ಸುಣ್ಣದ ಗೆರೆ ತುಳಿದು ನಿಂತಿದ್ದರೆ ಫುಲ್‌ಬ್ಯಾಕ್ ಒಳಗೆ ಬರಬೇಕು. ವಿಂಗರ್ ಒಳಗೆ ನುಗ್ಗಿದರೆ ಫುಲ್‌ಬ್ಯಾಕ್ ಗೆರೆಯ ಪಕ್ಕದಲ್ಲಿ ಅವನನ್ನು ದಾಟಿ ಓಡಬೇಕು. ಇಬ್ಬರೂ ಒಂದೇ ಸಾಲಿನಲ್ಲಿ ಸಿಕ್ಕರೆ ಎದುರಾಳಿಯ ಒಬ್ಬನೇ ಇಬ್ಬರನ್ನೂ ತಡೆಯುತ್ತಾನೆ. ಹಾಫ್‌ನ ಕೆಲಸ ಇವರು ತನಗೆ ಹಿಂದಕ್ಕೆ ಪಾಸ್ ಕೊಡಲು ಆಗುವಂತೆ ಸದಾ 10 ಮೀಟರ್ ಒಳಗೆ ಇರುವುದು.

ಗೋಲು ಗೆರೆಯವರೆಗೆ ತಲುಪಿದವನು ಕಣ್ಣುಮುಚ್ಚಿ ಕ್ರಾಸ್ ಎತ್ತಬಾರದು. ನೆಲದ ಮೇಲೆ ಹಿಂದಕ್ಕೆ ಕೊಡಲಿ. ಚೆಂಡಿಗಿಂತ ಹಿಂದೆ ಇರುವ ಆಟಗಾರ ಆಫ್‌ಸೈಡ್ ಆಗುವುದೇ ಇಲ್ಲ. ಅಷ್ಟರಲ್ಲಿ ಡಿಫೆಂಡರ್‌ಗಳು ತಮ್ಮದೇ ಗೋಲಿನತ್ತ ಮುಖ ಮಾಡಿ ಓಡುತ್ತಿರುತ್ತಾರೆ, ಬೆನ್ನ ಹಿಂದೆ ಯಾರು ಬಂದರೆಂದು ಅವರಿಗೆ ಕಾಣದು. ಸೆಂಟರ್ ಫಾರ್ವರ್ಡ್ ಹತ್ತಿರದ ಕಂಬಕ್ಕೆ ನುಗ್ಗಿ ಸ್ಟಾಪರ್‌ನನ್ನು ಎಳೆದೊಯ್ಯಲಿ, ಎಡ ವಿಂಗರ್ 11 ಮೀಟರಿನ ಪೆನಾಲ್ಟಿ ಚುಕ್ಕೆಯ ಬಳಿಗೆ, ಎಡ ಹಾಫ್ 16.5 ಮೀಟರಿನ ಬಾಕ್ಸ್ ಅಂಚಿಗೆ. ಮೂವರೂ ಗೋಲಿಯ ಮೂಗಿನ ಮುಂದೆ ಗುಂಪುಗೂಡುವುದೇ ನಾನು ಅತಿ ಹೆಚ್ಚು ನೋಡುವ ತಪ್ಪು. ಚುಕ್ಕೆಗೆ ಬರುವವನು ಒಂದು ಕ್ಷಣ ತಡೆದು, ಚೆಂಡು ಇರುವವನು ತಲೆ ಎತ್ತಿದ ಮೇಲೆ ಓಟ ಶುರು ಮಾಡಬೇಕು. ಮೊದಲೇ ಬಂದು ನಿಂತವನನ್ನು ಹಿಡಿಯುವುದು ಸುಲಭ.

ಇಷ್ಟೆಲ್ಲ ನಡೆಯುವಾಗ ಹಿಂದೆ ಯಾರಿದ್ದಾರೆ? ಪಂದ್ಯ ಸೋಲುವುದು ಹೆಚ್ಚಾಗಿ ಇಲ್ಲೇ. ಚೆಂಡು ಬಲಬದಿಯಲ್ಲಿದ್ದರೆ ಎಡ ಫುಲ್‌ಬ್ಯಾಕ್ ಮುಂದೆ ಹೋಗಬಾರದು, ಸ್ಟಾಪರ್‌ಗಳ ಪಕ್ಕಕ್ಕೆ ಸರಿಯಬೇಕು. ನಡುವಿನ ಹಾಫ್ ಅವರಿಗಿಂತ 10-12 ಮೀಟರ್ ಮುಂದೆ, ಎದುರಾಳಿಯ ಮೊದಲ ಪಾಸ್ ಬೀಳುವ ಜಾಗದಲ್ಲಿ ಇರಬೇಕು. ಎದುರಾಳಿ ಮೇಲೆ ಬಿಟ್ಟ ಫಾರ್ವರ್ಡ್‌ಗಳಿಗಿಂತ ನಮ್ಮವರು ಕನಿಷ್ಠ ಒಬ್ಬ ಹೆಚ್ಚು, ಇದು ತಪ್ಪಕೂಡದು. ಚೆಂಡು ಹೋದ ತಕ್ಷಣ ಹತ್ತಿರದವನು 5 ಸೆಕೆಂಡು ಮೇಲೆಬೀಳಲಿ, ಉಳಿದವರು ಮುಂದಿನ ಪಾಸ್ ಮುಚ್ಚಲಿ. ಆಗಲೂ ಸಿಗದಿದ್ದರೆ ಎಲ್ಲರೂ ಹಿಂದಕ್ಕೆ.

1958ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ಕಾಗದದ ಮೇಲೆ 4-2-4. ಆದರೆ ಎಡ ವಿಂಗರ್ ಝಗಾಲೊ ಇಳಿದು ಬಂದು ಮೂರನೆಯ ಹಾಫ್ ಆಗುತ್ತಿದ್ದರು. ಅಂಥ ದಾಳಿಕೋರ ತಂಡಕ್ಕೂ ನಡುವೆ ಮೂವರು ಬೇಕಾಗಿದ್ದರು.

ಅಭ್ಯಾಸಕ್ಕೆ ಅರ್ಧ ಮೈದಾನ ಸಾಕು. ದಾಳಿಗೆ 8 ಜನ, ತಡೆಯಲು 6 ಜನ ಮತ್ತು ಗೋಲಿ. ನಡುಗೆರೆಯ ಮೇಲೆ ಕೋನ್ ಇಟ್ಟು ಎರಡು ಪುಟ್ಟ ಗೋಲು ಮಾಡಿ. ಚೆಂಡು ಕಸಿದ ಆರು ಮಂದಿ ಅಲ್ಲಿ ಹೊಡೆಯಬೇಕು. ಹಿಂದಕ್ಕೆ ಕೊಟ್ಟ ಪಾಸಿನಿಂದ ಬಂದ ಗೋಲಿಗೆ ಎರಡು ಅಂಕ. ನಾಲ್ಕು ನಿಮಿಷದ ಐದು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಪುಟ್ಟ ಗೋಲಿಗೆ ಚೆಂಡು ಹೋದಾಗಲೆಲ್ಲ ಆಟ ನಿಲ್ಲಿಸಿ, ನಡುವಿನ ಹಾಫ್ ಎಲ್ಲಿದ್ದ ಎಂದು ಹುಡುಗರಿಂದಲೇ ಹೇಳಿಸಿ.

ಕೊನೆಯ 20 ನಿಮಿಷದಲ್ಲಿ ಮೊದಲು ಸುಸ್ತಾಗುವವರು ಫುಲ್‌ಬ್ಯಾಕ್‌ಗಳು. ಮೇಲೆ ಹೋದವನು ನಡೆದುಕೊಂಡು ಹಿಂತಿರುಗಲು ಶುರುಮಾಡಿದನೆಂದರೆ ಬದಲಿ ಆಟಗಾರನನ್ನು ಇಳಿಸಿ. ಬದಲಿ ಇಲ್ಲವಾದರೆ ಅವನನ್ನು ಹಿಂದೆಯೇ ನಿಲ್ಲಿಸಿ, ಆ ಬದಿಯ ವಿಂಗರ್ ಗೆರೆ ಬಿಡದಂತೆ ನೋಡಿಕೊಳ್ಳಿ.