ಪಿಟ್ಸ್‌ಬರ್ಗ್‌ನ ಲಿಬರ್ಟಿ ಸುರಂಗ ಮತ್ತು ಗಾಳಿಯ ಲೆಕ್ಕ

ಸುರಂಗದ ಪಾಠ ಎಂದರೆ ನಾವೆಲ್ಲ ಓದುವುದು ಬಂಡೆ, ಸಿಡಿಮದ್ದು, ಕಾಂಕ್ರೀಟ್. ಪರೀಕ್ಷೆಗೂ ಅದೇ ಬರುತ್ತದೆ. ಕಾರು ಓಡುವ ಸುರಂಗಕ್ಕೆ ಇನ್ನೊಂದು ದೊಡ್ಡ ಲೆಕ್ಕ ಇದೆ, ಅದು ಗಾಳಿಯದ್ದು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ತುಂಬ ಸಹಾಯವಾದ ಉದಾಹರಣೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಲಿಬರ್ಟಿ ಸುರಂಗ. ಅದು 1924ರಲ್ಲಿ ತೆರೆಯಿತು. ಕೊರೆದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಗಾಳಿಯ ಹತ್ತಿರ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲು ಊರಿನ ನೆಲ

ನಕ್ಷೆ ತೆಗೆದಿಟ್ಟುಕೊಂಡು ಓದಿ, ಸುಲಭವಾಗುತ್ತದೆ. ಅಲಿಗೆನಿ ಮತ್ತು ಮೊನಾಂಗಹೀಲಾ ಎಂಬ ಎರಡು ನದಿಗಳು ಸೇರಿ ಒಹಾಯೊ ನದಿ ಆಗುವ ಜಾಗವೇ ಪಿಟ್ಸ್‌ಬರ್ಗ್. ಎರಡು ನದಿಗಳ ನಡುವಿನ ಮೂಲೆಯಲ್ಲಿ ಪೇಟೆ, ಕಚೇರಿಗಳು. ಮೊನಾಂಗಹೀಲಾ ದಾಟಿದ ಕೂಡಲೇ ದಕ್ಷಿಣಕ್ಕೆ ಗೋಡೆಯ ಹಾಗೆ ಎದ್ದು ನಿಂತಿದೆ ಮೌಂಟ್ ವಾಷಿಂಗ್ಟನ್, ನದಿಯಿಂದ ಸುಮಾರು 400 ಅಡಿ ಎತ್ತರ. ಅದರ ಹಳೆಯ ಹೆಸರು ಕೋಲ್ ಹಿಲ್, ಅಂದರೆ ಕಲ್ಲಿದ್ದಲ ಗುಡ್ಡ. 1760ರ ದಶಕದಿಂದಲೇ ಅಲ್ಲಿ ಕಲ್ಲಿದ್ದಲು ತೆಗೆಯುತ್ತಿದ್ದರು.

ಗುಡ್ಡ ಹತ್ತಲು ಜನ ಮೊದಲು ಕಂಡುಕೊಂಡ ದಾರಿ ಹಗ್ಗದಿಂದ ಎಳೆಯುವ ಇಳಿಜಾರು ರೈಲು. ಮೊನಾಂಗಹೀಲಾ ಇನ್‌ಕ್ಲೈನ್ 1870ರಲ್ಲಿ, ಡ್ಯುಕೇನ್ ಇನ್‌ಕ್ಲೈನ್ 1877ರಲ್ಲಿ ಶುರುವಾದವು, ಎರಡೂ ಇವತ್ತಿಗೂ ಓಡುತ್ತಿವೆ. 1904ರಲ್ಲಿ ಗುಡ್ಡದ ಕೆಳಗೆ ಟ್ರಾಮ್‌ಗಾಗಿ ಒಂದು ಸುರಂಗ ಆಯಿತು. ಅದಾದ ಮೇಲೆ ಗುಡ್ಡದ ಹಿಂದಿನ ಸೌತ್ ಹಿಲ್ಸ್ ಭಾಗದಲ್ಲಿ, ಬೀಚ್‌ವ್ಯೂ, ಡಾರ್ಮಾಂಟ್ ಕಡೆ, ಟ್ರಾಮ್ ದಾರಿ ಹಿಡಿದುಕೊಂಡೇ ಮನೆಗಳು ಎದ್ದವು. ಆದರೆ ಕಾರು ಕೊಂಡವನಿಗೆ ದಾರಿ ಎಲ್ಲಿ? ಗುಡ್ಡ ಸುತ್ತಬೇಕು, ಇಲ್ಲವೇ ಕಡಿದಾದ ರಸ್ತೆಯಲ್ಲಿ ಹತ್ತಿ ಇಳಿಯಬೇಕು. ಆ ಕಾಲದ ಎಂಜಿನ್‌ಗೆ ಅದು ನಿಜಕ್ಕೂ ಕಷ್ಟ.

ಸುರಂಗ ಬೇಕು ಎನ್ನುವುದರಲ್ಲಿ ಸೌತ್ ಹಿಲ್ಸ್ ಜನರಿಗೆ ಅನುಮಾನ ಇರಲಿಲ್ಲ. ಎಲ್ಲಿ, ಎಷ್ಟು ಎತ್ತರದಲ್ಲಿ ಎಂಬುದಕ್ಕೆ ಮಾತ್ರ ವರ್ಷಗಟ್ಟಲೆ ಜಗಳ ನಡೆಯಿತು. ಇದನ್ನು ಗಮನಿಸಿ, ಎಲ್ಲ ಗುಡ್ಡದ ಸುರಂಗಕ್ಕೂ ಇದೇ ಪ್ರಶ್ನೆ ಬರುತ್ತದೆ. ಮೇಲ್ಮಟ್ಟದಲ್ಲಿ ಕೊರೆದರೆ ಸುರಂಗ ಗಿಡ್ಡ, ಖರ್ಚು ಕಡಿಮೆ, ಆದರೆ ಎರಡೂ ಕಡೆ ಏರಬೇಕು. ತಳಮಟ್ಟದಲ್ಲಿ ಕೊರೆದರೆ ದಾರಿ ಸಪಾಟು, ಆದರೆ ಸುರಂಗ ಉದ್ದ. ಉದ್ದ ಹೆಚ್ಚಾದಷ್ಟೂ ಒಳಗಿನ ಗಾಳಿಯ ಕಷ್ಟ ಹೆಚ್ಚುತ್ತದೆ. ಪಿಟ್ಸ್‌ಬರ್ಗ್ ಇರುವ ಅಲಿಗೆನಿ ಕೌಂಟಿಯ ಆಡಳಿತ ಕೊನೆಗೆ ಉದ್ದದ ದಾರಿಯನ್ನೇ ಆರಿಸಿತು.

ಕೊರೆದದ್ದು

ಕೆಲಸ ಶುರುವಾದದ್ದು 1919ರ ಡಿಸೆಂಬರ್‌ನಲ್ಲಿ. ಅಕ್ಕಪಕ್ಕದಲ್ಲಿ ಎರಡು ಕೊಳವೆ, ಹೋಗಲು ಒಂದು, ಬರಲು ಒಂದು, ಪ್ರತಿಯೊಂದರಲ್ಲೂ ಎರಡು ಸಾಲು ವಾಹನ. ಊರಿನವರು ಇವತ್ತಿಗೂ ಅದನ್ನು 'ಟ್ಯೂಬ್ಸ್' ಎಂದೇ ಕರೆಯುತ್ತಾರೆ. ಉದ್ದ 5,889 ಅಡಿ, ನಮ್ಮ ಲೆಕ್ಕದಲ್ಲಿ 1,795 ಮೀಟರ್. ಉತ್ತರದಿಂದ ಒಂದು ತಂಡ, ದಕ್ಷಿಣದಿಂದ ಒಂದು ತಂಡ ಕೊರೆಯುತ್ತಾ ಬಂದು, ಮೊದಲ ಕೊಳವೆಯಲ್ಲಿ 1922ರ ಮೇ ತಿಂಗಳಲ್ಲಿ ಮತ್ತು ಎರಡನೆಯದರಲ್ಲಿ ಅದೇ ವರ್ಷದ ಜುಲೈನಲ್ಲಿ ಗುಡ್ಡದ ಹೊಟ್ಟೆಯೊಳಗೆ ಎದುರುಬದುರಾದರು. ಖರ್ಚು ಸುಮಾರು 60 ಲಕ್ಷ ಡಾಲರ್.

ಇಲ್ಲಿನ ಬಂಡೆ ಪದರ ಪದರ. ಜೇಡಿಗಲ್ಲು, ಮರಳುಗಲ್ಲು ಒಂದರ ಮೇಲೊಂದು ಕೂತಿವೆ. ಗುಡ್ಡದ ಹೆಸರುವಾಸಿ ಕಲ್ಲಿದ್ದಲ ಪದರ ಇರುವುದು ಮೇಲ್ಭಾಗದಲ್ಲಿ, ಸುರಂಗ ಅದರ ಕೆಳಗೆ ಹೋಗುತ್ತದೆ. ಜೇಡಿಗಲ್ಲಿನ ಗುಣ ಏನೆಂದರೆ, ಕೊರೆದಾಗ ಗಟ್ಟಿಯಾಗಿ ಕಾಣುತ್ತದೆ, ಗಾಳಿ ಮತ್ತು ತೇವ ತಾಗಿದ ಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದಕ್ಕೇ ಇಂಥ ನೆಲದಲ್ಲಿ ಒಳಗೋಡೆಗೆ ಕಾಂಕ್ರೀಟ್ ಹಾಕದೆ ಬಿಡುವಂತಿಲ್ಲ.

1924ರ ಜನವರಿಯಲ್ಲಿ ಸುರಂಗ ಸಂಚಾರಕ್ಕೆ ತೆರೆಯಿತು. ಗಾಳಿ ಬೀಸುವ ಫ್ಯಾನ್‌ಗಳು ಇನ್ನೂ ಬಂದಿರಲಿಲ್ಲ.

ಕಾರು ಓಡುತ್ತಿದ್ದರೆ ಗಾಳಿಯೂ ಓಡುತ್ತದೆ

ಇದು ಈ ಟಿಪ್ಪಣಿಯ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ ರೈಲು ಕಣ್ಣಿಗೆ ಬೀಳುವ ಮುಂಚೆಯೇ ಮುಖಕ್ಕೆ ಗಾಳಿ ಬಡಿಯುತ್ತದೆ ಅಲ್ವಾ? ಸೈಕಲ್ ಪಂಪ್‌ನ ಒಳಗಿನ ಬಿರಡೆ ಗಾಳಿಯನ್ನು ಮುಂದಕ್ಕೆ ತಳ್ಳುವಂತೆ ರೈಲು ಸುರಂಗದ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ಕಾರುಗಳೂ ಹಾಗೇ. ಒಂದು ಕಾರು ಕೊಂಚವೇ ತಳ್ಳುತ್ತದೆ, ಆದರೆ ನೂರಾರು ಕಾರು ಒಂದೇ ದಿಕ್ಕಿಗೆ ಓಡಿದರೆ ಇಡೀ ಕೊಳವೆಯ ಗಾಳಿ ಅದೇ ದಿಕ್ಕಿಗೆ ಹರಿಯುತ್ತದೆ. ಹೋಗುವ ಬರುವ ದಾರಿಗೆ ಬೇರೆ ಬೇರೆ ಕೊಳವೆ ಮಾಡಿದ್ದರ ದೊಡ್ಡ ಲಾಭ ಇದು. ಎದುರುಬದುರು ಓಡಿದ್ದರೆ ಒಂದರ ತಳ್ಳುವಿಕೆಯನ್ನು ಇನ್ನೊಂದು ಕೊಲ್ಲುತ್ತಿತ್ತು.

ಹಾಗಾಗಿ ವಾಹನ ಸರಾಗವಾಗಿ ಓಡುವ ತನಕ ಸುರಂಗ ತಾನೇ ಉಸಿರಾಡುತ್ತದೆ. ವಾಹನ ನಿಂತರೆ? ತಳ್ಳುವಿಕೆ ನಿಲ್ಲುತ್ತದೆ, ಹೊಗೆ ಮಾತ್ರ ನಿಲ್ಲುವುದಿಲ್ಲ. ಗಾಳಿ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ.

ಹೊಗೆಯಲ್ಲಿ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಕು, ಆಮೇಲೆ ಪ್ರಜ್ಞೆ ಹೋಗುತ್ತದೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿ ಜೀವ ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ಬರುತ್ತದಲ್ಲ, ಅಲ್ಲಿಯೂ ಇದೇ ಅನಿಲ. ದಯವಿಟ್ಟು ಮನೆಯಲ್ಲಿ ಯಾರಾದರೂ ಹಾಗೆ ಮಾಡುತ್ತಿದ್ದರೆ ಇವತ್ತೇ ಹೇಳಿ.

ಲೆಕ್ಕ ಮಾಡೋಣ

ಸುರಂಗದ ಉದ್ದ ನಿಜವಾದದ್ದು, ಉಳಿದ ಅಂಕಿಗಳನ್ನು ಅಭ್ಯಾಸಕ್ಕಾಗಿ ನಾನು ಹಿಡಿದುಕೊಂಡಿದ್ದೇನೆ.

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸುರಂಗ ದಾಟಲು ಮೂರೂವರೆ ನಿಮಿಷ ಸಾಕು. ಕಾರಿನಿಂದ ಕಾರಿಗೆ 30 ಮೀಟರ್ ಅಂತರ ಎಂದುಕೊಂಡರೆ ಒಂದು ಸಾಲಿನಲ್ಲಿ 60 ಕಾರು, ಎರಡು ಸಾಲಿಗೆ 120. ಈಗ ಜಾಮ್ ಆಯಿತು ಅನ್ನಿ. ಒಂದು ಕಾರಿಗೆ 6 ಮೀಟರ್ ಜಾಗ, ಒಂದು ಸಾಲಿಗೆ 300 ಕಾರು, ಒಂದು ಕೊಳವೆಗೆ 600. ಐದು ಪಟ್ಟು ಕಾರು, ಮತ್ತು ಪ್ರತಿಯೊಂದೂ ಮೂರೂವರೆ ನಿಮಿಷದ ಬದಲು ಎಷ್ಟು ಹೊತ್ತೋ ಒಳಗೇ ಇರುತ್ತದೆ.

ನಿಂತ ಕಾರು ಓಡುವ ಕಾರಿಗಿಂತ ಕಡಿಮೆ ಹೊಗೆ ಬಿಡುತ್ತದೆ, ಅದು ನಿಜ. ಅದಕ್ಕೇ ನಿಮಿಷಕ್ಕೆ 200 ಲೀಟರ್ ಮಾತ್ರ ಹಿಡಿಯೋಣ. ಆ ಕಾಲದ ಕಾರ್ಬ್ಯುರೇಟರ್ ಪೆಟ್ರೋಲನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತಿತ್ತು, ಅರ್ಧಂಬರ್ಧ ಉರಿದ ಹೊಗೆಯಲ್ಲಿ ನೂರಕ್ಕೆ 6 ಪಾಲು ಕಾರ್ಬನ್ ಮಾನಾಕ್ಸೈಡ್ ಎನ್ನೋಣ. ಒಂದು ಕಾರಿನಿಂದ ನಿಮಿಷಕ್ಕೆ 12 ಲೀಟರ್, 600 ಕಾರಿನಿಂದ 7,200 ಲೀಟರ್, ಅಂದರೆ 7.2 ಘನ ಮೀಟರ್.

ಕೊಳವೆಯ ಅಡ್ಡಕೊಯ್ತ 40 ಚದರ ಮೀಟರ್ ಎಂದರೆ ಒಳಗಿನ ಗಾಳಿ ಸುಮಾರು 72,000 ಘನ ಮೀಟರ್. ಒಂದು ಗಂಟೆ ಉಸಿರಾಡಿದರೂ ತೊಂದರೆ ಇಲ್ಲ ಎಂದು ಆಗ ಒಪ್ಪಿದ್ದ ಮಿತಿ ಹತ್ತು ಸಾವಿರಕ್ಕೆ 4 ಪಾಲು. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಮುಚ್ಚಿದ ಕೋಣೆಯಲ್ಲಿ ಮನುಷ್ಯರ ಮೇಲೆಯೇ ಪ್ರಯೋಗ ಮಾಡಿ ಗೊತ್ತುಮಾಡಿದ ಅಂಕಿ ಅದು. 72,000ಕ್ಕೆ ಆ ಲೆಕ್ಕದಲ್ಲಿ ಸುಮಾರು 29 ಘನ ಮೀಟರ್. ಅದನ್ನು 7.2ರಿಂದ ಭಾಗಿಸಿ.

4 ನಿಮಿಷ! ಎಲ್ಲ ಕಾರು ನಿಂತು, ಗಾಳಿ ನಿಂತು, 4 ನಿಮಿಷದಲ್ಲಿ ಮಿತಿ ಮುಟ್ಟಿ, 12 ನಿಮಿಷಕ್ಕೆ ಅದರ ಮೂರು ಪಟ್ಟು. ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ಸೊನ್ನೆ ತಪ್ಪಿರಬೇಕು ಎಂದು ಮತ್ತೆ ಮತ್ತೆ ನೋಡಿದೆ. ತಪ್ಪಿರಲಿಲ್ಲ.

1924ರ ಮೇ 10

ಆ ಶನಿವಾರ ಪಿಟ್ಸ್‌ಬರ್ಗ್‌ನಲ್ಲಿ ಟ್ರಾಮ್ ನೌಕರರ ಮುಷ್ಕರ. ದಿನಾ ಟ್ರಾಮ್ ಹತ್ತುತ್ತಿದ್ದ ಸೌತ್ ಹಿಲ್ಸ್ ಜನ ಕಾರು ತೆಗೆದರು, ಕಾರಿದ್ದವರ ಜೊತೆ ಅಕ್ಕಪಕ್ಕದವರೂ ಹತ್ತಿಕೊಂಡರು. ಎಲ್ಲರೂ ಹಿಡಿದದ್ದು ಹೊಸ ಸುರಂಗದ ದಾರಿ. ಒಳಗೆ ವಾಹನ ನಿಂತುಬಿಟ್ಟಿತು. ಫ್ಯಾನ್ ಇಲ್ಲ. ಹಲವರು ಕಾರಿನಲ್ಲೇ ಪ್ರಜ್ಞೆ ತಪ್ಪಿದರು.

ನಮ್ಮ ಲೆಕ್ಕದ ಕಾಗದದಲ್ಲಿ ಇದ್ದದ್ದೇ ಅಲ್ಲಿ ನಡೆದದ್ದು. ಮುಷ್ಕರ ಇಲ್ಲದ ದಿನ ಕಾರು ಕಡಿಮೆ, ಓಡಾಟ ಸರಾಗ, ಹಾಗಾಗಿ ಅಲ್ಲಿಯ ತನಕ ಏನೂ ಆಗಿರಲಿಲ್ಲ. ಆಮೇಲೆ ಫ್ಯಾನ್ ಬರುವವರೆಗೂ ಒಳಗೆ ಹೋಗುವ ಕಾರುಗಳ ಸಂಖ್ಯೆಗೆ ಮಿತಿ ಹಾಕಿದರು.

ನನಗೆ ಬಹಳ ಬೇಸರವಾಗುವ ವಿಷಯ ಇನ್ನೊಂದಿದೆ. ಈ ಅನಿಲದ ಬಗ್ಗೆ ಆ ಹೊತ್ತಿನಲ್ಲಿ ಚೆನ್ನಾಗಿ ಗೊತ್ತಿದ್ದವರು ದೂರದಲ್ಲಿ ಇರಲಿಲ್ಲ. ಅಮೆರಿಕದ ಗಣಿ ಇಲಾಖೆಯ ಪ್ರಯೋಗಾಲಯ ಪಿಟ್ಸ್‌ಬರ್ಗ್‌ನಲ್ಲೇ ಇತ್ತು. ನಗರದ ದಕ್ಷಿಣಕ್ಕೆ ಬ್ರೂಸ್‌ಟನ್ ಎಂಬಲ್ಲಿ ಆ ಇಲಾಖೆಯ ಪ್ರಯೋಗದ ಗಣಿ ಇತ್ತು. ನ್ಯೂಯಾರ್ಕ್‌ನಲ್ಲಿ ಹಡ್ಸನ್ ನದಿಯ ಕೆಳಗೆ ಕಟ್ಟಲಿದ್ದ ಹಾಲೆಂಡ್ ಸುರಂಗಕ್ಕಾಗಿ ಅದೇ ಗಣಿಯೊಳಗೆ ಮೊಟ್ಟೆಯಾಕಾರದ ಸುತ್ತು ದಾರಿ ಮಾಡಿ, ಅದರಲ್ಲಿ ಕಾರುಗಳನ್ನು ಓಡಿಸಿ, ಹೊಗೆ ಹೇಗೆ ಹರಡುತ್ತದೆ, ಎಷ್ಟು ಗಾಳಿ ಬೇಕು ಎಂದು ಅಳೆದಿದ್ದರು. ಲಿಬರ್ಟಿ ಸುರಂಗಕ್ಕೂ ಯಂತ್ರದ ಗಾಳಿ ಬೇಕೆಂದು ಗೊತ್ತಿತ್ತು. ಆದರೆ ರಸ್ತೆ ಸಿದ್ಧವಾಗಿತ್ತು, ಜನ ಕಾಯುತ್ತಿದ್ದರು, ಫ್ಯಾನ್ ಬರುವ ಮೊದಲೇ ಬಾಗಿಲು ತೆರೆದರು.

ಫ್ಯಾನ್ ಮನೆ ಗುಡ್ಡದ ಮೇಲೆ ಯಾಕೆ?

ಎಷ್ಟು ಹೊಸ ಗಾಳಿ ಬೇಕು? ನಿಮಿಷಕ್ಕೆ 7.2 ಘನ ಮೀಟರ್ ಅನಿಲವನ್ನು ಹತ್ತು ಸಾವಿರಕ್ಕೆ 4ಕ್ಕೆ ಇಳಿಸಲು ನಿಮಿಷಕ್ಕೆ 18,000 ಘನ ಮೀಟರ್, ಸೆಕೆಂಡಿಗೆ 300. ಇದನ್ನೆಲ್ಲ ಒಂದು ಬಾಯಿಂದ ಊದಿ ಇನ್ನೊಂದು ಬಾಯಿಂದ ಹೊರಗೆ ಹಾಕಿದರೆ 40 ಚದರ ಮೀಟರ್ ಕೊಳವೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 7.5 ಮೀಟರ್, ಗಂಟೆಗೆ 27 ಕಿಲೋಮೀಟರ್.

ಪಿಟ್ಸ್‌ಬರ್ಗ್‌ನವರು ಮಾಡಿದ್ದು ಬೇರೆ. ಸುರಂಗದ ನಡುಭಾಗದ ನೇರ ಮೇಲೆ, ಗುಡ್ಡದ ಮೇಲೆ, ಫ್ಯಾನ್ ಮನೆ ಕಟ್ಟಿ ಅಲ್ಲಿಂದ ಕೆಳಕ್ಕೆ ಬಾವಿಯಂಥ ದಾರಿಗಳನ್ನು ಇಳಿಸಿದರು. ವಾಹನ ಒಳಗೆ ಬರುವ ಅರ್ಧದ ಕೊಳಕು ಗಾಳಿಯನ್ನು ನಡುವಿನಲ್ಲಿ ಮೇಲಕ್ಕೆ ಎಳೆದುಕೊಳ್ಳುವುದು, ಹೊರಗೆ ಹೋಗುವ ಅರ್ಧಕ್ಕೆ ಅಲ್ಲಿಂದಲೇ ಹೊಸ ಗಾಳಿ ಊದುವುದು. ಎರಡೂ ಅರ್ಧದಲ್ಲಿ ಗಾಳಿ ಹರಿಯುವುದು ವಾಹನದ ದಿಕ್ಕಿಗೇ, ಅಂದರೆ ಓಡುವ ಕಾರುಗಳೂ ಫ್ಯಾನ್‌ಗೆ ಕೈಜೋಡಿಸುತ್ತವೆ.

ಲೆಕ್ಕಕ್ಕೆ ಏನಾಯಿತು ನೋಡಿ. ಪ್ರತಿ ಅರ್ಧದಲ್ಲಿ 300 ಕಾರು, ಸೆಕೆಂಡಿಗೆ 150 ಘನ ಮೀಟರ್ ಸಾಕು, ವೇಗ 3.75 ಮೀಟರ್‌ಗೆ ಇಳಿಯಿತು. ಕೊಳವೆಯಲ್ಲಿ ಗಾಳಿ ತಳ್ಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲು, ಉದ್ದವೂ ಅರ್ಧವಾದ್ದರಿಂದ ಹದಿನಾರನೇ ಒಂದು, ಅಂಥ ಎರಡು ಅರ್ಧ ಸೇರಿ ಎಂಟನೇ ಒಂದು. ಬಾವಿಯ ದಾರಿಯಲ್ಲಿ ಖರ್ಚಾಗುವ ಶಕ್ತಿ ಬೇರೆ ಇದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಆದರೂ ಗುಡ್ಡ ಕೊರೆದು ಬಾವಿ ಇಳಿಸುವ ಕಷ್ಟ ಯಾಕೆ ಪಟ್ಟರು ಎನ್ನುವುದು ಈ ಒಂದೇ ಸಾಲಿನಿಂದ ತಿಳಿಯುತ್ತದೆ.

1927ರ ನವೆಂಬರ್‌ನಲ್ಲಿ ತೆರೆದ ಹಾಲೆಂಡ್ ಸುರಂಗದಲ್ಲಿ ಬೇರೆ ಪದ್ಧತಿ. ಅಲ್ಲಿ ರಸ್ತೆಯ ಕೆಳಗಿನ ನಾಳದಿಂದ ಹೊಸ ಗಾಳಿ ಮೇಲಕ್ಕೆ ಬರುತ್ತದೆ, ಕೊಳಕು ಗಾಳಿ ಚಾವಣಿಯ ಮೇಲಿನ ನಾಳಕ್ಕೆ ಹೋಗುತ್ತದೆ, ಉದ್ದಕ್ಕೆ ಹರಿಯುವುದೇ ಇಲ್ಲ. 84 ಫ್ಯಾನ್, ಒಂದೂವರೆ ನಿಮಿಷಕ್ಕೊಮ್ಮೆ ಇಡೀ ಗಾಳಿ ಬದಲು. ಅದರ ಮುಖ್ಯ ಎಂಜಿನಿಯರ್ ಕ್ಲಿಫರ್ಡ್ ಹಾಲೆಂಡ್ 1924ರಲ್ಲಿ ತೀರಿಕೊಂಡರು, ಅವರ ನಂತರ ಬಂದ ಮಿಲ್ಟನ್ ಫ್ರೀಮನ್ ಕೂಡ ಮರುವರ್ಷ ತೀರಿಕೊಂಡರು, ಕೆಲಸ ಮುಗಿಸಿದವರು ಓಲೆ ಸಿಂಗ್‌ಸ್ಟಾಡ್. ಪರೀಕ್ಷೆಗೆ ಉದ್ದ ಹರಿವು, ಅಡ್ಡ ಹರಿವು ಎಂದು ಎರಡು ಹೆಸರು ನೆನಪಿಡಿ. ಮೊದಲನೆಯದಕ್ಕೆ ಲಿಬರ್ಟಿ, ಎರಡನೆಯದಕ್ಕೆ ಹಾಲೆಂಡ್ ಉದಾಹರಣೆ ಕೊಟ್ಟರೆ ಸಾಕು.

ಸುರಂಗದ ಉತ್ತರದ ಬಾಯಿಯಿಂದ ನೇರ ಪೇಟೆಗೆ ಹೋಗುವ ಲಿಬರ್ಟಿ ಸೇತುವೆ ಆದದ್ದು 1928ರ ಮಾರ್ಚ್‌ನಲ್ಲಿ. ಅಲ್ಲಿಯ ತನಕ ಹೊರಬಂದ ಕಾರು ಸುತ್ತಿ ಹೋಗಬೇಕಿತ್ತು. ಗುಡ್ಡದ ಹಿಂದಿನ ಮೌಂಟ್ ಲೆಬನಾನ್‌ನ ಜನಸಂಖ್ಯೆ 1920ರಲ್ಲಿ 2 ಸಾವಿರ ಚಿಲ್ಲರೆ ಇದ್ದದ್ದು 1930ಕ್ಕೆ 13 ಸಾವಿರ ದಾಟಿತ್ತು.

ಅಭ್ಯಾಸಕ್ಕೆ ಒಂದು

ಇದೇ ಲೆಕ್ಕವನ್ನು ಇವತ್ತಿನ ಕಾರಿಗೆ ಮಾಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 6ರ ಬದಲು 0.1 ಎಂದು ಹಿಡಿಯಿರಿ, ಉಳಿದದ್ದೆಲ್ಲ ಹಾಗೇ ಇರಲಿ. 4 ನಿಮಿಷ ಇದ್ದದ್ದು 4 ಗಂಟೆ ಆಗುತ್ತದೆ. ಹಾಗಾಗಿಯೇ ಈಗಿನ ಸುರಂಗಗಳಲ್ಲಿ ಫ್ಯಾನ್‌ನ ಗಾತ್ರವನ್ನು ಹೆಚ್ಚಾಗಿ ತೀರ್ಮಾನಿಸುವುದು ಬೆಂಕಿ ಬಿದ್ದಾಗ ಏಳುವ ಹೊಗೆ. 1999ರ ಮಾರ್ಚ್‌ನಲ್ಲಿ ಫ್ರಾನ್ಸ್ ಮತ್ತು ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಒಂದು ಲಾರಿಗೆ ಬೆಂಕಿ ಹತ್ತಿ 39 ಜನ ಸತ್ತರು. ಹೊಗೆಯ ಲೆಕ್ಕದಲ್ಲಿ ಕಾರಿನ ಸಂಖ್ಯೆಗಿಂತ ಬೆಂಕಿಯ ಶಾಖ ಮುಖ್ಯ, ಹೊಗೆ ಹಿಂದಕ್ಕೆ ಹರಿಯದಂತೆ ತಡೆಯಲು ಗಾಳಿಗೆ ಎಷ್ಟು ವೇಗ ಬೇಕು ಎಂಬಲ್ಲಿಂದ ಅದು ಶುರುವಾಗುತ್ತದೆ.