ಒಂದು ಕೀ, ಎರಡು ಕಂಪ್ಯೂಟರ್: ಲೆಕ್ಕ ಬದಲಾದ ಬಗೆ

ಹಣ ಕೊಟ್ಟು ಕೊಂಡ ತಂತ್ರಾಂಶದ ಕೀಯನ್ನು, ಅಂದರೆ ಅದರ ಜೊತೆ ಬರುವ ಅಕ್ಷರ-ಅಂಕಿಗಳ ಸಂಕೇತವನ್ನು, ಎರಡನೆಯ ಕಂಪ್ಯೂಟರಿನಲ್ಲಿ ಹಾಕಿದಾಗ ಅದು ಈಗಾಗಲೇ ಬಳಕೆಯಾಗಿದೆ ಎಂಬ ಉತ್ತರ ಬಂದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಕೊಂಡವರು ನಾವು, ಬಳಸುವವರೂ ನಾವೇ. ಯಂತ್ರ ಬೇರೆಯಾದರೆ ಏನಾಯಿತು? ಈ ಪ್ರಶ್ನೆಗೆ ಸಿಗುವ ಉತ್ತರ ಕಾಲದಿಂದ ಕಾಲಕ್ಕೆ ಬದಲಾಗುತ್ತಲೇ ಬಂದಿದೆ.

ಮೊದಮೊದಲು ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ದೊಡ್ಡ ಯಂತ್ರಗಳ ಕಾಲದಲ್ಲಿ ತಂತ್ರಾಂಶ ಸಾಮಾನ್ಯವಾಗಿ ಯಂತ್ರದ ಜೊತೆಗೇ ಬರುತ್ತಿತ್ತು. 1969ರಲ್ಲಿ ಐಬಿಎಂ ಎರಡಕ್ಕೂ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. ತಂತ್ರಾಂಶ ತಾನೇ ಒಂದು ಸರಕಾಗತೊಡಗಿತು. ನಕಲಿನ ಜಗಳ ಅದರ ಬೆನ್ನಿಗೇ ಬಂತು. 1976ರಲ್ಲಿ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ಬೇಸಿಕ್ ಎಂಬ ತಮ್ಮ ಪ್ರೋಗ್ರಾಮಿಂಗ್ ತಂತ್ರಾಂಶವನ್ನು ಬಳಸುವವರಲ್ಲಿ ಹೆಚ್ಚಿನವರು ಅದನ್ನು ಕೊಂಡೇ ಇಲ್ಲ ಎಂದು ದೂರಿದರು.

ಎಂಬತ್ತರ ದಶಕದಲ್ಲಿ ಕೆಲವು ಕಂಪನಿಗಳು ನಕಲು ಮಾಡಲಾಗದ ಫ್ಲಾಪಿ ಕೊಟ್ಟವು. ಇನ್ನು ಕೆಲವು, ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ತಂತ್ರಾಂಶ ತೆರೆಯದಂತೆ ಮಾಡಿದವು. ಅದೇ ಕಾಲದಲ್ಲಿ ಬೋರ್ಲ್ಯಾಂಡ್ ಕಂಪನಿಯ ಪರವಾನಗಿ ಪತ್ರ ಹೇಳಿದ ಮಾತು ನನಗೆ ಇಂದಿಗೂ ಅತ್ಯಂತ ನ್ಯಾಯವಾಗಿ ಕಾಣುತ್ತದೆ: ಈ ತಂತ್ರಾಂಶವನ್ನು ಪುಸ್ತಕದಂತೆ ಬಳಸಿ. ಯಾರು ಬೇಕಾದರೂ ಓದಬಹುದು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆದರೆ ಒಂದೇ ಪ್ರತಿಯನ್ನು ಏಕಕಾಲಕ್ಕೆ ಎರಡು ಕಡೆ ಓದಲಾಗದು, ಅಷ್ಟೇ. ಅಲ್ಲಿ ಎಣಿಕೆಗೆ ಬಂದದ್ದು ಯಂತ್ರವಲ್ಲ, ಬಳಕೆ.

ಸಿ.ಡಿ.ಯ ಹೊದಿಕೆಯ ಮೇಲೆ ಮುದ್ರಿಸಿದ ಕೀ ಬಂದಾಗಲೂ ಕಡಿವಾಣ ಇದ್ದದ್ದು ಕಾಗದದ ಮೇಲೆಯೇ. ವಿಂಡೋಸ್ 95ರ ಬಿಡಿ ಮಾರಾಟದ ಕೀಯಲ್ಲಿ ಕೊನೆಯ ಏಳು ಅಂಕಿಗಳ ಮೊತ್ತ 7ರಿಂದ ಭಾಗವಾಗುತ್ತದೆಯೇ ಎಂಬುದೇ ಮುಖ್ಯ ಪರೀಕ್ಷೆಯಾಗಿತ್ತು. ಆ ಕೀಗೆ ಗಣಿತ ಗೊತ್ತಿತ್ತು, ನೆನಪಿರಲಿಲ್ಲ. ಹತ್ತು ಕಂಪ್ಯೂಟರಿನಲ್ಲಿ ಹಾಕಿದರೂ ಹತ್ತೂ ಕಡೆ ಅದು ಹೊಸದೇ.

ನೆನಪು ಬಂದದ್ದು ಆ್ಯಕ್ಟಿವೇಷನ್ (ಸಕ್ರಿಯಗೊಳಿಸುವಿಕೆ) ಮೂಲಕ. 2001ರ ವಿಂಡೋಸ್ ಎಕ್ಸ್‌ಪಿ, ಕಂಪ್ಯೂಟರಿನ ಹತ್ತು ಬಗೆಯ ಯಂತ್ರಾಂಶ ವಿವರಗಳಿಂದ ಒಂದು ಗುರುತು ರಚಿಸಿ, ಕೀಯೊಂದಿಗೆ ಅದನ್ನು ಮೈಕ್ರೋಸಾಫ್ಟ್‌ನ ಸರ್ವರಿಗೆ ತಿಳಿಸುತ್ತಿತ್ತು. 30 ದಿನಗಳೊಳಗೆ ಇದು ಆಗಬೇಕು. ಒಂದೆರಡು ಬಿಡಿಭಾಗ ಬದಲಿಸಿದರೆ ತೊಂದರೆಯಿಲ್ಲ. ಹೆಚ್ಚು ಬದಲಿಸಿದರೆ ಅದು ಬೇರೆಯದೇ ಯಂತ್ರ. ದೊಡ್ಡ ಸಂಸ್ಥೆಗಳಿಗೆ ಕೊಟ್ಟ ಸಗಟು ಕೀಗಳಿಗೆ ಮಾತ್ರ ಈ ಕಟ್ಟುಪಾಡು ಇರಲಿಲ್ಲ. ಅಂಥದೊಂದು ಕೀ ಸೋರಿಹೋಗಿ ಅಸಂಖ್ಯ ಕಂಪ್ಯೂಟರುಗಳನ್ನು ಹೊಕ್ಕಿತು.

ಅಲ್ಲಿಂದ ಕೀಯ ಮೂಲವೂ ಮುಖ್ಯವಾಯಿತು. ಹೊಸ ಕಂಪ್ಯೂಟರಿನೊಡನೆ ಬಂದ ವಿಂಡೋಸ್ ಕೀ ಆ ಯಂತ್ರದೊಡನೆಯೇ ಮುಗಿಯುತ್ತದೆ. ಬಿಡಿಯಾಗಿ ಕೊಂಡದ್ದನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು. ಆಫೀಸ್ 2013 ಬಂದಾಗ ಬಿಡಿಯಾಗಿ ಕೊಂಡ ಪ್ರತಿಯನ್ನೂ ಒಂದೇ ಕಂಪ್ಯೂಟರಿಗೆ ಕಟ್ಟಿಹಾಕುವ ಷರತ್ತಿತ್ತು. ಗ್ರಾಹಕರು ಸಿಡಿದೆದ್ದರು. ಕೆಲವೇ ವಾರಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಸಡಿಲಿಸಿ, 90 ದಿನಗಳಿಗೊಮ್ಮೆ ಬೇರೆ ಕಂಪ್ಯೂಟರಿಗೆ ವರ್ಗಾಯಿಸಲು ಒಪ್ಪಿತು.

ನ್ಯಾಯಾಲಯಗಳೂ ಒಂದೇ ದಾರಿ ಹಿಡಿಯಲಿಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2010ರಲ್ಲಿ ಆಟೋಡೆಸ್ಕ್ ಎಂಬ ತಂತ್ರಾಂಶ ಕಂಪನಿಯ ಪ್ರಕರಣದಲ್ಲಿ, ಗ್ರಾಹಕ ಪ್ರತಿಯ ಒಡೆಯನಲ್ಲ, ಪರವಾನಗಿ ಪಡೆದವನು ಮಾತ್ರ ಎಂದಿತು. 2012ರಲ್ಲಿ ಯುರೋಪಿನ ನ್ಯಾಯಾಲಯ, ಶಾಶ್ವತ ಪರವಾನಗಿ ಕೊಂಡವರು ಅದನ್ನು ಮರುಮಾರಾಟ ಮಾಡಬಹುದು ಎಂದಿತು. ಆದರೆ ಮಾರಿದವರು ತಮ್ಮ ಪ್ರತಿಯನ್ನು ಅಳಿಸಲೇಬೇಕು. ಪುಸ್ತಕ ಕೈಬದಲಾಗಲಿ, ಎರಡಾಗದಿರಲಿ ಎಂಬ ಹಳೆಯ ತರ್ಕವೇ ಇದು.

ಈಗ ಕೀಯ ಜಾಗಕ್ಕೆ ಖಾತೆ ಬಂದಿದೆ. ಫೋಟೋಶಾಪ್ ತಯಾರಿಸುವ ಅಡೋಬಿಯ ವೈಯಕ್ತಿಕ ಚಂದಾದಾರರು ಎರಡು ಕಂಪ್ಯೂಟರುಗಳಲ್ಲಿ ಸಕ್ರಿಯಗೊಳಿಸಬಹುದು, ಏಕಕಾಲಕ್ಕೆ ಒಂದರಲ್ಲಿ ಬಳಸಬಹುದು. ಯಂತ್ರದ ಬದಲು ಮನುಷ್ಯನನ್ನು ಎಣಿಸುವ ಈ ಬಗೆ ನನಗೆ ಹೆಚ್ಚು ಒಪ್ಪಿಗೆ. ಆದರೆ ನೆನಪೆಲ್ಲ ಕಂಪನಿಯ ಸರ್ವರಿನಲ್ಲಿದೆ. ಹಳೆಯ ಸಿಎಸ್2 ತಂತ್ರಾಂಶದ ಆ್ಯಕ್ಟಿವೇಷನ್ ಸರ್ವರನ್ನು ಅಡೋಬಿ ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರಿಗೆ ಒಂದು ಕಂಪ್ಯೂಟರಿನಲ್ಲೂ ಅದನ್ನು ಹೊಸದಾಗಿ ಸಕ್ರಿಯಗೊಳಿಸಲು ದಾರಿಯಿರಲಿಲ್ಲ. ಕಡೆಗೆ ಕಂಪನಿಯೇ ಆ್ಯಕ್ಟಿವೇಷನ್ ಬೇಡದ ಬೇರೊಂದು ಪ್ರತಿಯನ್ನೂ, ಎಲ್ಲರಿಗೂ ಒಂದೇ ಕೀಯನ್ನೂ ಕೊಡಬೇಕಾಯಿತು.