ಲಿನಕ್ಸ್ ಹಾಕುವಾಗ ವೈ-ಫೈ ಕಾಣದಿದ್ದರೆ: ಕೊಂಡಿ ಎಲ್ಲಿ ಕಡಿದಿದೆ ಎಂದು ಹುಡುಕುವ ಕ್ರಮ

ಪೆನ್‌ಡ್ರೈವ್‌ನಿಂದ ಬೂಟ್ ಆಗಿ, ಭಾಷೆ ಮತ್ತು ಕೀಬೋರ್ಡ್ ಆಯ್ಕೆ ಮುಗಿದ ಮೇಲೆ ನೆಟ್‌ವರ್ಕ್ ಪಟ್ಟಿ ಖಾಲಿಯಾಗಿ ಬಂದರೆ, ನಮ್ಮಲ್ಲಿ ಹೆಚ್ಚಿನವರು ಫೋನಿನಲ್ಲಿ ಹುಡುಕಿ ಮೊದಲು ಸಿಕ್ಕ ಆದೇಶವನ್ನು ಟರ್ಮಿನಲ್‌ಗೆ ಹಾಕಿಬಿಡುತ್ತೇವೆ. ಆದರೆ ವೈ-ಫೈ ನಡೆಯಬೇಕಾದರೆ ವೈ-ಫೈ ಕಾರ್ಡ್ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಾಣಬೇಕು, ಅದಕ್ಕೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಂದಬೇಕು, ಡ್ರೈವರ್‌ಗೆ ಫರ್ಮ್‌ವೇರ್ ಸಿಗಬೇಕು, ರೇಡಿಯೊ ಮುಚ್ಚಿರಬಾರದು, ಕೊನೆಗೆ ರೂಟರ್ ಒಳಗೆ ಬಿಟ್ಟುಕೊಳ್ಳಬೇಕು. ಇವುಗಳಲ್ಲಿ ಯಾವ ಕೊಂಡಿ ಕಡಿದಿದೆ ಎಂದು ತಿಳಿಯುವ ಮುನ್ನ ಏನನ್ನೂ ಬದಲಿಸಬಾರದು ಎಂಬುದೇ ಈ ಟಿಪ್ಪಣಿಯ ಒಟ್ಟು ಮಾತು. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ; ಟೈಪ್ ಮಾಡುವಾಗ ಅವು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು.

ಲೈವ್ ಸೆಷನ್‌ನಲ್ಲಿ (ಡಿಸ್ಕಿಗೆ ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್‌ನಲ್ಲಿ) ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದು ಕೊಟ್ಟರೆ ಯಂತ್ರದೊಳಗಿನ ಕಾರ್ಡುಗಳೆಲ್ಲ ಸಾಲಾಗಿ ಬರುತ್ತವೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲಿನ ಕೊನೆಗೆ, ಚೌಕ ಆವರಣದಲ್ಲಿ, ಎರಡು ಸಂಖ್ಯೆಗಳ ಜೋಡಿ ಇರುತ್ತದೆ. ಮೊದಲನೆಯದು ತಯಾರಕರ ಗುರುತು: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್. ಲ್ಯಾಪ್‌ಟಾಪ್‌ನ ಮಾದರಿ ಹೆಸರನ್ನು ಹಿಡಿದು ಹುಡುಕುವುದಕ್ಕಿಂತ ಈ ಜೋಡಿಯನ್ನು ಹಿಡಿದು ಹುಡುಕುವುದು ಎಷ್ಟೋ ಮೇಲು, ಏಕೆಂದರೆ ಒಂದೇ ಮಾದರಿಯೊಳಗೆ ಬೇರೆ ಬೇರೆ ಕಾರ್ಡ್ ಕೂರಿಸಿರುವುದು ಅಪರೂಪವಲ್ಲ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಡ್ರೈವರ್ ಹೊಂದಿಕೊಂಡಿದೆ; ಆ ಸಾಲೇ ಇಲ್ಲದಿದ್ದರೆ ಕೊಂಡಿ ಅಲ್ಲಿಯೇ ಕಡಿದಿದೆ. ಯುಎಸ್‌ಬಿ ಅಡಾಪ್ಟರ್ ಆದರೆ ‘ಎಲ್‌ಎಸ್‌ಯುಎಸ್‌ಬಿ’ ನೋಡಬೇಕು. ಕೆಲವು ಅಗ್ಗದ ರಿಯಲ್‌ಟೆಕ್ ಅಡಾಪ್ಟರ್‌ಗಳು ವಿಂಡೋಸ್ ಡ್ರೈವರ್ ತುಂಬಿದ ಸಿಡಿಯ ವೇಷದಲ್ಲಿ, 0ಬಿಡಿಎ:1ಎ2ಬಿ ಎಂಬ ಗುರುತಿನಿಂದ, ಕಾಣಿಸಿಕೊಳ್ಳುತ್ತವೆ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಆ ವೇಷ ಕಳಚಿದ ಮೇಲೆಯೇ ಅವು ವೈ-ಫೈ ಸಾಧನಗಳಾಗುತ್ತವೆ.

ಡ್ರೈವರ್ ಇಲ್ಲದಿರಲು ಸಾಮಾನ್ಯ ಕಾರಣ ಹಳೆಯ ಕರ್ನಲ್. ರಿಯಲ್‌ಟೆಕ್ 8821ಸಿಇ ಕಾರ್ಡಿಗೆ ಕರ್ನಲ್ 5.9ರಿಂದ, 8852ಬಿಇ ಕಾರ್ಡಿಗೆ 6.2ರಿಂದ ಬೆಂಬಲವಿದೆ. ಹೊಸ ಲ್ಯಾಪ್‌ಟಾಪ್ ಕೊಂಡು ಹಳೆಯ ಐಎಸ್‌ಒ (ಪೆನ್‌ಡ್ರೈವ್‌ಗೆ ಬರೆಯುವ ಲಿನಕ್ಸ್ ಕಡತ) ಹಾಕುತ್ತಿರುವವರು ಡ್ರೈವರನ್ನು ಮೂಲ ಕೋಡ್‌ನಿಂದ ಕಂಪೈಲ್ ಮಾಡಲು ಕೂರುವ ಬದಲು ಹೊಸ ಐಎಸ್‌ಒ ಇಳಿಸಿಕೊಳ್ಳುವುದೇ ಜಾಣತನ.

ಫರ್ಮ್‌ವೇರ್ ಎಂದರೆ ಡ್ರೈವರ್ ಕಾರ್ಡಿನೊಳಕ್ಕೆ ತುಂಬುವ ತಯಾರಕರ ಪ್ರೋಗ್ರಾಮ್. ಮುಕ್ತ ತಂತ್ರಾಂಶದ ನಿಯಮಕ್ಕೆ ಒಳಪಡದ ಕಾರಣ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಬಹಳ ಕಾಲ ಇದನ್ನು ತನ್ನ ಅಧಿಕೃತ ಐಎಸ್‌ಒದಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರ ಮತದಾನ ನಡೆದು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಐಎಸ್‌ಒದಲ್ಲೇ ಸೇರಿದೆ. ಫರ್ಮ್‌ವೇರ್ ಕಡತ ಸಿಗದಿದ್ದರೆ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ಆದೇಶದ ಉತ್ತರದಲ್ಲಿ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್’ ವಿಫಲವಾಯಿತು, ‘ಎರರ್ -2’ ಎಂದು ಬರುತ್ತದೆ. ಇಲ್ಲಿ -2 ಎಂದರೆ ಕಡತವೇ ಇಲ್ಲ ಎಂದರ್ಥ. ಈ ಸಾಲನ್ನು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಇಂಟೆಲ್ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಕೇಳುವುದರಿಂದ, ನಾಲ್ಕೈದು ಬಾರಿ ‘ಇಲ್ಲ’ ಎಂದ ಮೇಲೆ ‘ಲೋಡೆಡ್ ಫರ್ಮ್‌ವೇರ್ ವರ್ಷನ್’ ಎಂಬ ಸಾಲು ಬಂದಿದ್ದರೆ ಕೆಲಸ ಆಗಿದೆ, ದೋಷ ಮುಂದೆಲ್ಲೋ ಇದೆ.

ಹೆಚ್ಚು ಕಾಡುವುದು ಬ್ರಾಡ್‌ಕಾಮ್. ಗುರುತು 14ಇ4:4365 ಎಂದಿದ್ದರೆ ಅದು ಬಿಸಿಎಂ43142. ಕರ್ನಲ್‌ನೊಳಗಿನ ಬಿ43 ಡ್ರೈವರ್ ಅದನ್ನು ನಡೆಸುವುದಿಲ್ಲ, ತಯಾರಕರ ‘ಡಬ್ಲ್ಯುಎಲ್’ ಡ್ರೈವರೇ ಬೇಕು. ಡೆಬಿಯನ್‌ನಲ್ಲಿ ಇದು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಎಂಬ ಪ್ಯಾಕೇಜ್ ಆಗಿ ‘ನಾನ್-ಫ್ರೀ’ (ಮುಕ್ತವಲ್ಲದ ತಂತ್ರಾಂಶದ) ವಿಭಾಗದಲ್ಲಿದೆ, ಆದ್ದರಿಂದ ಮೇಲೆ ಹೇಳಿದ ಡೆಬಿಯನ್ 12ರ ಅನುಕೂಲ ಇದಕ್ಕೆ ಒದಗುವುದಿಲ್ಲ. ಜೊತೆಗೆ ಕರ್ನಲ್ ಹೆಡರ್‌ಗಳನ್ನು (ಕಂಪೈಲ್‌ಗೆ ಬೇಕಾದ ಕರ್ನಲ್‌ನ ಕಡತಗಳನ್ನು) ಇಳಿಸಿಕೊಂಡು ನಮ್ಮ ಯಂತ್ರದಲ್ಲೇ ಕಂಪೈಲ್ ಆಗಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ, ಇಂಟರ್ನೆಟ್ ಬರಲು ಇಂಟರ್ನೆಟ್ ಬೇಕು. ಇದಕ್ಕೆ ಸುಲಭದ ದಾರಿ ಆಂಡ್ರಾಯ್ಡ್ ಫೋನ್: ಕೇಬಲ್ ಚುಚ್ಚಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದೇ ಎಣಿಸುತ್ತದೆ. ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಹೀಗೆ ಕಂಪೈಲ್ ಆದ ಡ್ರೈವರನ್ನು ಕರ್ನಲ್ ‘ಕೀ ವಾಸ್ ರಿಜೆಕ್ಟೆಡ್’ ಎಂದು ಹೊರದಬ್ಬುತ್ತದೆ. ಆಗ ‘ಎಂಒಕೆ’ (ಯಂತ್ರದ ಮಾಲೀಕರ ಸಹಿಯ) ಕೀಲಿಯನ್ನು ನೋಂದಾಯಿಸಬೇಕು, ಇಲ್ಲವೇ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕು.

ಇಷ್ಟೆಲ್ಲ ಸರಿಯಿದ್ದೂ ಪಟ್ಟಿ ಖಾಲಿ ಎಂದಾದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಬೇಕು. ‘ಸಾಫ್ಟ್ ಬ್ಲಾಕ್ಡ್’ ಆಗಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರೆಯುತ್ತದೆ. ‘ಹಾರ್ಡ್ ಬ್ಲಾಕ್ಡ್’ ಆಗಿದ್ದರೆ ಯಾವ ಆದೇಶಕ್ಕೂ ಬಗ್ಗುವುದಿಲ್ಲ, ಕೀಬೋರ್ಡಿನ ಕೀಲಿ ಅಥವಾ ಲ್ಯಾಪ್‌ಟಾಪ್‌ನ ಸ್ವಿಚ್ ಹುಡುಕಬೇಕು. ನನ್ನ ಹಳೆಯ ಲ್ಯಾಪ್‌ಟಾಪ್‌ನ ಮುಂದಿನ ಅಂಚಿನಲ್ಲಿ ಉಗುರಗಲದ ಸ್ವಿಚ್ ಒಂದಿತ್ತು. ಚೀಲಕ್ಕೆ ತುರುಕುವಾಗ ಅದು ಸರಿದುಹೋಗಿದ್ದು ನನ್ನ ಕಣ್ಣಿಗೆ ಬಿದ್ದದ್ದು ಎರಡು ಸಲ ಇಡೀ ವ್ಯವಸ್ಥೆಯನ್ನು ಅಳಿಸಿ ಹಾಕಿದ ಮೇಲೆ. ವಿಂಡೋಸ್ ಜೊತೆಗೇ ಲಿನಕ್ಸ್ ಇಟ್ಟುಕೊಳ್ಳುವವರು ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಅನ್ನೂ ಆಫ್ ಮಾಡಿ ನೋಡಬೇಕು. ಅದು ಪೂರ್ತಿ ಶಟ್‌ಡೌನ್ ಮಾಡದಿರುವುದರಿಂದ ಕಾರ್ಡ್ ಅರೆಎಚ್ಚರದಲ್ಲಿ ಉಳಿಯುವುದುಂಟು.

ನೆರೆಮನೆಯ ವೈ-ಫೈ ಕಂಡು ನಮ್ಮದು ಮಾತ್ರ ಕಾಣದಿದ್ದರೆ ರೂಟರ್ 12 ಅಥವಾ 13ನೇ ಚಾನಲ್‌ನಲ್ಲಿದೆಯೇ ನೋಡಿ, 1, 6, 11ರಲ್ಲಿ ಒಂದಕ್ಕೆ ಬದಲಿಸಿ. ಸಂಪರ್ಕ ಸಿಕ್ಕಿಯೂ ಪ್ಯಾಕೇಜ್ ಇಳಿಯದಿದ್ದರೆ ಗಡಿಯಾರ ನೋಡಿ: ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹಿಂದೆ ಬಿದ್ದಿದ್ದರೆ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವಾಗುತ್ತವೆ.

ಲಿನಕ್ಸ್‌ನ ಇನ್ನೊಂದು ಬಗೆಯಾದ ಆರ್ಚ್ ಹಾಕುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಐಎಸ್‌ಒದಲ್ಲಿ ‘ಐಡಬ್ಲ್ಯುಸಿಟಿಎಲ್’ ಮೂಲಕ ಜೋಡಿಸಿದ ವೈ-ಫೈ ಆ ಲೈವ್ ಪರಿಸರಕ್ಕಷ್ಟೇ ಸೇರಿದ್ದು, ಡಿಸ್ಕಿಗೆ ತಾನಾಗಿ ಬರುವುದಿಲ್ಲ. ಮೊದಲ ರೀಬೂಟ್‌ಗೆ ಮುನ್ನ, ‘ಆರ್ಚ್-ಕ್ರೂಟ್’ ಆದೇಶದಿಂದ ಡಿಸ್ಕಿನ ಹೊಸ ವ್ಯವಸ್ಥೆಯ ಒಳಗಿರುವಾಗಲೇ, ನೆಟ್‌ವರ್ಕ್‌ಮ್ಯಾನೇಜರ್ ಮತ್ತು ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್‌ಗಳನ್ನು ಹಾಕಿ ಸೇವೆಯನ್ನು ಎನೇಬಲ್ ಮಾಡಿರಬೇಕು. ಮರೆತರೆ ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡಿಕೊಂಡು ಒಳಹೊಕ್ಕು ಹಾಕಬೇಕಾಗುತ್ತದೆ.